ಮೂರು ಗೀಟಿನ ಹಿತ್ತಾಳೆ ಗುಂಡು

ಪೋರ್ಟ್ ಸಯೀದಿನಲ್ಲಿ ಹಳೆಯ ಜಾವಾ ಬೈಕಿಗೆ ಕ್ಲಚ್ ಕೇಬಲ್ ಕೈಯಿಂದ ಮಾಡಿಕೊಡುವವನು ನಾನೊಬ್ಬನೇ ಉಳಿದಿದ್ದೇನೆ. ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ. ಅಂಗಡಿಯ ಕೇಬಲ್ ಒಂದೋ ಗೇಣು ಕಮ್ಮಿ, ಇಲ್ಲವೇ ಗೇಣು ಜಾಸ್ತಿ. ನಾನಾದರೆ ತಂತಿಯನ್ನು ಅಳೆದು ಕತ್ತರಿಸಿ, ತುದಿಗೆ ಹಿತ್ತಾಳೆಯ ಪುಟ್ಟ ಗುಂಡು ಪೋಣಿಸಿ, ಬೆಸುಗೆ ಹಾಕುತ್ತೇನೆ. ಆಮೇಲೆ ಗುಂಡಿನ ಪಕ್ಕಕ್ಕೆ ಅರದಿಂದ ಮೂರು ಗೀಟು ಎಳೆಯುತ್ತೇನೆ. ಕೆಲಸ ಕೆಟ್ಟರೆ ಯಾರ ಕೆನ್ನೆಗೆ ಬಾರಿಸಬೇಕು ಅಂತ ಗಿರಾಕಿಗೆ ಗೊತ್ತಿರಲಿ ಎಂದು ನನಗೆ ಕೆಲಸ ಕಲಿಸಿದ ಉಸ್ತಾ ಹಾಕಿಕೊಟ್ಟ ಪದ್ಧತಿ ಅದು. ಈವರೆಗೆ ಯಾರೂ ನನ್ನ ಕೆನ್ನೆಗೆ ಬಾರಿಸಲು ಬಂದಿರಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ಅಂಗಡಿಯ ಮುಂದೆ ಕೂತು ರೊಟ್ಟಿ ಮುರಿದು, ಕಾಳು ಬೇಯಿಸಿ ಮಾಡಿದ ಫೂಲ್ ಬಟ್ಟಲಿಗೆ ಅದ್ದುತ್ತಿದ್ದೆ. ಒಂದು ಸಣ್ಣ ಟ್ರಕ್ಕು ಬಂದು ನಿಂತಿತು. ಹುಡುಗಿಯೊಬ್ಬಳು ಡ್ರೈವರನ ಜೊತೆ ಸೇರಿ ಬೈಕೊಂದನ್ನು ಇಳಿಸಿದಳು. ಅವಳ ಗುರುತು ಸಿಗುವ ಮೊದಲೇ ಬೈಕಿನ ಗುರುತು ಸಿಕ್ಕಿತು. ಕೆಂಪು ಟ್ಯಾಂಕು, ಬಲಗಡೆ ತಗ್ಗು. ರೊಟ್ಟಿಯನ್ನು ಬಟ್ಟಲಲ್ಲೇ ಬಿಟ್ಟು ಎದ್ದೆ.

"ಇದನ್ನ ಯಾಕಮ್ಮ ಇಲ್ಲಿಗೆ ತಂದೆ?"

"ನಾನು ಇನ್ಶಿರಾಹ್, ಚಿಕ್ಕಪ್ಪ. ಬಹ್ಗತನ ಮಗಳು."

"ಅದು ಗೊತ್ತಾಯ್ತು. ಯಾಕೆ ತಂದೆ ಅಂತ ಕೇಳಿದ್ದು."

ಅವಳು ತಲೆವಸ್ತ್ರ ಸರಿಮಾಡಿಕೊಂಡಳು. "ಅಪ್ಪನಿಗೆ ಹೊಟ್ಟೇಲಿ ಗಡ್ಡೆ. ಇನ್ನೆರಡು ತಿಂಗಳು ಅಂದಿದ್ದಾರೆ ಡಾಕ್ಟರು. ಸಾಯೋದಾದ್ರೆ ನನ್ನ ಮನೇಲಿ, ನನ್ನ ಬೀದೀಲಿ ಅಂತ ಹಟ ಹಿಡ್ದಿದ್ದಾನೆ. ಹಾಜಿ ಮಿತ್ವಲ್ಲಿ ಹತ್ರ ಹೋಗಿ ಕೇಳ್ದೆ. ಸಬ್ರಿ ಒಪ್ಪಿದ್ರೆ ಮಾತ್ರ ಅಂದ್ರು."

ಹಾಜಿ ನಮ್ಮ ಬೀದಿಯ ಪಂಚಾಯಿತಿಯ ಹಿರಿಯ. ಸಬ್ರಿ ಅಂದರೆ ನಾನು. ಒಪ್ಪುವ ಹಕ್ಕು ನನ್ನೊಬ್ಬನದೇ, ಯಾಕೆಂದರೆ ಸತ್ತವನು ನನ್ನ ತಮ್ಮ.

ಹನ್ನೊಂದು ವರ್ಷದ ಹಿಂದಿನ ಮಾತು. ನನ್ನ ತಮ್ಮ ರಿಫಾತ್ ಕಾಲುವೆ ದಾಟಿಸುವ ದೋಣಿಯ ಕಟ್ಟೆಯಲ್ಲಿ, ಗಾಡಿಗಳಿಗೆ ಅಡ್ಡ ಕಟ್ಟುವ ಸರಪಳಿ ಕಾಯುತ್ತಿದ್ದ. ದೋಣಿ ಬರುವುದನ್ನೇ ಕಾಯುತ್ತಾ ಬಹ್ಗತ್ ಗಾಡಿಯನ್ನು ಗೇರಿಗೆ ಹಾಕಿ, ಕ್ಲಚ್ ಹಿಡಿದು ನಿಂತಿದ್ದ. ನಾನೂ ಅವನೂ ಚಡ್ಡಿ ಹಾಕುವ ಕಾಲದಿಂದ ಗೆಳೆಯರು. ಬೈಕು ಒಮ್ಮೆಲೇ ಮುಂದಕ್ಕೆ ಹಾರಿತು. ಎದುರಿಗಿದ್ದ ರಿಫಾತನನ್ನು ಕಬ್ಬಿಣದ ಗೇಟಿಗೆ ಅಪ್ಪಳಿಸಿತು. ಅವನು ಆಸ್ಪತ್ರೆಯವರೆಗೂ ಉಳಿಯಲಿಲ್ಲ.

"ನಾನು ಕ್ಲಚ್ ಬಿಡ್ಲಿಲ್ಲ, ಹಿಡಿ ನನ್ನ ಕೈಯಲ್ಲೇ ಇತ್ತು" ಎಂದು ಬಹ್ಗತ್ ಒಂದೇ ಸಮನೆ ಅರಚುತ್ತಿದ್ದನಂತೆ. ಬೀದಿಯ ಹಿರಿಯರು ಪಂಚಾಯಿತಿ ಸೇರಿಸಿದರು. ಆ ಕೇಬಲನ್ನು ಎಂಟು ದಿನದ ಹಿಂದಷ್ಟೇ ಹಾಕಿದವನು ನಾನೇ ಆದ್ದರಿಂದ ನನ್ನನ್ನು ಕೇಳಿದರು. ನಾನು ಖುರಾನಿನ ಮೇಲೆ ಕೈಯಿಟ್ಟು, ನಾನು ಬೆಸೆದ ಕೇಬಲ್ ಬಿಡುವ ಮಾತೇ ಇಲ್ಲ, ಇವನೇ ಬಿಟ್ಟಿದ್ದಾನೆ ಎಂದು ಆಣೆ ಮಾಡಿದೆ. ಬೈಕನ್ನು ಹೋಗಿ ನೋಡಿದೆನೇ? ಇಲ್ಲ. ನನ್ನ ಕೆಲಸವನ್ನು ನಾನೇ ಪರೀಕ್ಷೆ ಮಾಡುವುದೇ ಎಂಬ ಸೊಕ್ಕು. ನನ್ನ ಆಣೆಯ ನಂತರ ಬಹ್ಗತ್ ತಲೆ ತಗ್ಗಿಸಿದವನು ಮತ್ತೆ ಮಾತಾಡಲಿಲ್ಲ. ಬದುಕಿರುವ ತನಕ ಈ ಬೀದಿಗೆ ಕಾಲಿಡಬಾರದು ಎಂದು ತೀರ್ಪಾಯಿತು. ಅವನು ಹೆಂಡತಿ ಮಗಳನ್ನು ಕಟ್ಟಿಕೊಂಡು ಇಸ್ಮಾಯಿಲಿಯಾಕ್ಕೆ, ಅಕ್ಕನ ಮನೆಗೆ ಹೋದ.

"ಆಗಲ್ಲ," ಎಂದೆ ಇನ್ಶಿರಾಹಳಿಗೆ. "ನಿಮ್ಮಪ್ಪ ಎಲ್ಲಿ ಬೇಕಾದ್ರೂ ಸಾಯ್ಲಿ. ಇಲ್ಲಿ ಬೇಡ."

ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಅಳಲಿಲ್ಲ. "ಸರಿ. ಬೈಕಾದ್ರೂ ಸರಿ ಮಾಡ್ಕೊಡಿ. ಕ್ಲಚ್ ಕೇಬಲ್ ಹೋಗಿದೆ. ಒಂದ್ಸಲ ಇದರ ಮೇಲೆ ಕೂತ್ಕೊಂಡು ಶಬ್ದ ಕೇಳ್ಲಿ. ನಾನು ತಂದಿರೋದು ಅವನಿಗೆ ಗೊತ್ತಿಲ್ಲ. ಯಾರಿಗೂ ಮುಟ್ಟೋಕೆ ಬಿಡಲ್ಲ. ನಾನು ಸತ್ಮೇಲೆ ಹಾಗೇ ಗುಜರಿಗೆ ಹಾಕು, ಬಿಚ್ಚಬೇಡ ಅಂತಾನೆ."

ದ್ವೇಷ ಮನುಷ್ಯನ ಮೇಲೆ, ಗಾಡಿಯ ಮೇಲಲ್ಲ. ಬೆಂಚನ್ನು ಒರೆಸಿ ಅವಳನ್ನು ಕೂರಿಸಿ ಕೆಲಸಕ್ಕೆ ಇಳಿದೆ.

ಎಂಜಿನ್ ಕಡೆಯ ತುದಿ ತುಕ್ಕು ಹಿಡಿದು ಸವೆದು ಎಳೆಎಳೆಯಾಗಿತ್ತು. ಹಳೆಯ ತಂತಿಯ ಬಾಲಕ್ಕೆ ಹೊಸದನ್ನು ಕಟ್ಟಿ ಎಳೆದರೆ ಹೊಸದು ತಾನಾಗಿಯೇ ಅದೇ ದಾರಿಯಲ್ಲಿ ಬರುತ್ತದೆ. ಹಾಗೆ ಕಟ್ಟಿ, ಮೇಲೆ ಹ್ಯಾಂಡಲಿನ ಹಿಡಿಯ ತಿರುಪು ಬಿಚ್ಚಿದೆ. ಗುಂಡೊಂದೇ ಟಣ್ ಎಂದು ನೆಲಕ್ಕೆ ಬಿತ್ತು. ತಂತಿ ಅದರ ಜೊತೆ ಇರಲಿಲ್ಲ.

ಎತ್ತಿಕೊಂಡು ಬಟ್ಟೆಯಲ್ಲಿ ಉಜ್ಜಿದೆ. ಮೂರು ಗೀಟು. ಬೆಳಕಿಗೆ ಹಿಡಿದರೆ ಮಧ್ಯದ ತೂತಿನಿಂದ ಎದುರುಮನೆಯ ಕಿಟಕಿ ಕಾಣಿಸಿತು.

ತಂತಿ ಹರಿದಿದ್ದರೆ ಹರಿದ ತುಂಡುಗಳು ಗುಂಡಿನೊಳಗೆ ಸಿಕ್ಕಿಕೊಂಡಿರಬೇಕಿತ್ತು. ಒಂದೂ ಇರಲಿಲ್ಲ. ಕೊಳವೆಯಿಂದ ತಂತಿಯ ಮೇಲಿನ ತುದಿಯನ್ನು ಎಳೆದು ನೋಡಿದೆ. ಹತ್ತೊಂಬತ್ತು ಎಳೆಯೂ ಗಟ್ಟಿಯಾಗಿ ಹೆಣೆದುಕೊಂಡು, ಸೂಜಿಯ ಹಾಗೆ ನೆಟ್ಟಗೆ ನುಣ್ಣಗಿದ್ದವು. ಗುಂಡು ಪೋಣಿಸಿದ ಮೇಲೆ ತುದಿಯ ಎಳೆಗಳನ್ನು ಪೊರಕೆಯಂತೆ ಬಿಡಿಸಿ, ಆಮೇಲೆ ಬೆಸುಗೆ ಹಾಕಬೇಕು. ಆಗ ಎತ್ತು ಕಟ್ಟಿ ಎಳೆದರೂ ತಂತಿ ಜಾರುವುದಿಲ್ಲ. ಮೊದಲ ವಾರ ಕಲಿಸುವ ಪಾಠ ಅದು. ಈ ತುದಿಯನ್ನು ಬಿಡಿಸಿಯೇ ಇರಲಿಲ್ಲ.

ಎಲ್ಲವೂ ನೆನಪಾಯಿತು, ಹಾಳಾದ್ದು, ಒಂದೂ ಬಿಡದಂತೆ. ರಂಜಾನ್. ಉಪವಾಸ ಬಿಡುವ ತೋಪು ಹಾರಲು ಐದೇ ನಿಮಿಷ. ಬಹ್ಗತ್, "ಉಪವಾಸ ಬಿಟ್ಟು ಆಮೇಲೆ ಮಾಡೋ ಮಾರಾಯ, ಕೈ ನಡುಗ್ತಾ ಇದೆ ನಿಂಗೆ" ಅಂದಿದ್ದ. "ಬಾಯಿ ಮುಚ್ಕೊಂಡು ದೀಪ ಹಿಡಿ" ಅಂದಿದ್ದೆ ನಾನು. ಬಾಗಿಲಲ್ಲಿ ರಿಫಾತ್ ಖರ್ಜೂರದ ತಟ್ಟೆ ಹಿಡಿದು, "ಅಣ್ಣಾ, ಅಮ್ಮ ಕಾಯ್ತಾ ಇದ್ದಾಳೆ, ಬೇಗ" ಅನ್ನುತ್ತಿದ್ದ. ತೋಪು ಹಾರಿತು. ಬೆಸುಗೆ ಮುಟ್ಟಿಸಿ, ಮೂರು ಗೀಟು ಎಳೆದು, ಊಟಕ್ಕೆ ಓಡಿದ್ದೆ.

"ಏನಾಯ್ತು ಚಿಕ್ಕಪ್ಪ? ಮುಖ ಬಿಳುಚಿಕೊಂಡಿದೆ," ಎಂದಳು ಇನ್ಶಿರಾಹ್.

ನನ್ನ ತಮ್ಮನನ್ನು ನಾನೇ ಕೊಂದಿದ್ದೆ. ಕೊಂದು, ಖುರಾನಿನ ಮೇಲೆ ಕೈಯಿಟ್ಟು, ಗೆಳೆಯನನ್ನು ಊರು ಬಿಡಿಸಿದ್ದೆ. ಗುಂಡನ್ನು ಮುಷ್ಟಿಯಲ್ಲಿ ಹಿಡಿದು ಎದ್ದೆ. ರಸ್ತೆ ಹೇಗೆ ದಾಟಿದೆನೋ ಗೊತ್ತಿಲ್ಲ.

ಹಾಜಿ ಮಿತ್ವಲ್ಲಿ ಎಂದಿನ ಹಾಗೆ ಕಾಫಿ ಅಂಗಡಿಯಲ್ಲಿ ಹುಕ್ಕಾ ಎಳೆಯುತ್ತಿದ್ದ. ಸುತ್ತ ಬೀದಿಯ ಏಳೆಂಟು ಜನ. ಅವನ ಮೇಜಿನ ಮೇಲೆ ಗುಂಡು ಇಟ್ಟೆ.

"ಹಾಜಿ, ನನ್ನ ಆಣೆ ಸುಳ್ಳು. ಎಲ್ಲರೂ ಕೇಳಿಸ್ಕೊಳ್ಳಿ. ಬಹ್ಗತ್ ಕ್ಲಚ್ ಬಿಟ್ಟಿರ್ಲಿಲ್ಲ. ನಾನು ಹಾಕಿದ ಬೆಸುಗೆ ಬಿಡ್ತು. ಅವನು ಮನೆಗೆ ಬರ್ತಾನೆ. ಬೀದಿ ಬಿಡೋದಾದ್ರೆ ನಾನು ಬಿಡ್ತೀನಿ."

ದಾಳ ಆಡುತ್ತಿದ್ದವರ ಕೈ ನಿಂತಿತು. ಹಾಜಿ ಮಾತ್ರ ಗುಂಡನ್ನು ಮುಟ್ಟಲೂ ಇಲ್ಲ, ಕಣ್ಣರಳಿಸಲೂ ಇಲ್ಲ.

"ನಂಗೆ ಗೊತ್ತಿತ್ತು ಕಣೋ," ಎಂದ.

"ಏನು ಗೊತ್ತಿತ್ತು?"

"ಇದೇ. ಪಂಚಾಯಿತಿ ಮುಗಿದ ಮಾರನೇ ದಿನ ಅವನು ನನ್ನ ಕರ್ಕೊಂಡು ಹೋಗಿ, ನೀವೊಬ್ರಾದ್ರೂ ನನ್ನ ನಂಬಿ ಅಂತ ಹಿಡಿ ಬಿಚ್ಚಿ ತೋರಿಸ್ದ. ನಾನು ತೀರ್ಪು ವಾಪಸ್ ತಗೋತೀನಿ ಅಂದೆ. ಕಾಲಿಗೆ ಬಿದ್ದ. 'ಹಾಜಿ, ಅವನು ಮೊನ್ನೆ ತಾನೆ ತಮ್ಮನ್ನ ಮಣ್ಣು ಮಾಡಿ ಬಂದಿದ್ದಾನೆ. ಇದು ಗೊತ್ತಾದ್ರೆ ಅವನೂ ಉಳಿಯಲ್ಲ. ನಾನಾದ್ರೆ ಎಲ್ಲಾದ್ರೂ ಬದುಕ್ಕೋತೀನಿ' ಅಂದ. ನನ್ನ ಬಾಯಿಗೆ ಬೀಗ ಹಾಕಿಸ್ಕೊಂಡು ಹೋದ."

ಹನ್ನೊಂದು ವರ್ಷ ಪ್ರತಿ ಶುಕ್ರವಾರ ತಮ್ಮನ ಗೋರಿಯ ಮುಂದೆ ನಿಂತು ಬಹ್ಗತನಿಗೆ ಶಾಪ ಹಾಕಿದ್ದೆ. ಅಷ್ಟೂ ಶುಕ್ರವಾರ ಅವನು ನನ್ನನ್ನು ಕಾಪಾಡುತ್ತಿದ್ದ.

ಹಿಂದೆಯೇ ಬಂದಿದ್ದ ಇನ್ಶಿರಾಹ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವಳು ಅಪ್ಪನಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು.

"ಬಹ್ಗತ್, ನಾನು ಸಬ್ರಿ."

ಆ ಕಡೆ ಬರೀ ಏದುಸಿರು.

"ಬೈಕು ನನ್ನ ಹತ್ರ ಇದೆ. ಗುಂಡು ನೋಡ್ದೆ."

ಸಿಟ್ಟಿನ ದನಿ ಬಂತು, ಕ್ಷೀಣವಾಗಿ, ಆದರೆ ಅದೇ ಹಳೆಯ ಸಿಟ್ಟು. "ಯಾರೋ ನಿಂಗೆ ಬಿಚ್ಚು ಅಂದಿದ್ದು ಅದನ್ನ? ಆ ಹುಡುಗಿಗಂತೂ ಬುದ್ಧಿ ಇಲ್ಲ. ನಿಂಗೂ ಇಲ್ವಾ?"

ಫೋನನ್ನು ಕಿವಿಗೆ ಒತ್ತಿಕೊಂಡು ಅತ್ತುಬಿಟ್ಟೆ.

"ಸಬ್ರಿ, ಒಬ್ನೇ ಇದ್ದೀಯಾ? ಎಲ್ಲಾದ್ರೂ ಕೂತ್ಕೋ ಮೊದ್ಲು. ಫೋನು ಇನ್ಶಿರಾಹ್ ಕೈಗೆ ಕೊಡು, ನಿಂಗೆ ಒಂದು ಲೋಟ ನೀರು ಕೊಡೋಕೆ ಹೇಳ್ತೀನಿ."