ಮಾವನ ಅಲ್ಬುಮಿನ್ ಏರಲೇ ಇಲ್ಲ

ರಕ್ತದಲ್ಲಿನ ಪ್ರೋಟೀನು ಅಲ್ಬುಮಿನ್ ಮತ್ತೆ ಇಳಿದಿತ್ತು. ರಿಪೋರ್ಟಿನಿಂದ ಕಣ್ಣೆತ್ತಿದ ಡಾಕ್ಟರ್ ಅಮೃತಾ ನೋಡಿದ್ದು ರೋಗಿ ಕುಬೇರಪ್ಪನನ್ನಲ್ಲ, ಪಕ್ಕದಲ್ಲಿ ನಿಂತ ಸೊಸೆ ಶೈಲಾಳನ್ನು.

"ಇವರಿಗೆ ಮನ್ಯಾಗ ಏನ ಉಣ್ಣಾಕ ಹಾಕ್ತೀರಿ?"

"ಮಡಿಕಿಕಾಳು, ಹೆಸರುಕಾಳು, ಶೇಂಗಾ ಹಿಂಡಿ, ಗಟ್ಟಿ ಮೊಸರು. ನೀವು ಹೇಳಿದ್ದೆಲ್ಲಾ ಹಾಕೀನ್ರಿ."

"ಹಂಗಾರ ರಕ್ತದಾಗ ಯಾಕ ಕಾಣವಲ್ದು? ಅಲ್ಬುಮಿನ್ ಇಷ್ಟ ಕಡಿಮಿ ಇದ್ದಾಗ ಕೊಯ್ದ್ರ ಗಾಯ ಮಾಯೂದಿಲ್ಲ. ಕೊಯ್ಯದ ಬಿಟ್ರ ಕರುಳಿನ ಗಡ್ಡಿ ಬೆಳೀತದ. ಇನ್ನೊಂದ ಸಲ ರಕ್ತಾ ನೋಡ್ತೀನಿ. ಆಮ್ಯಾಲ ಹೊತ್ತು ಮೀರ್ತದ."

ಊರಿಗೆ ಮರಳುವ ಸಂಶಿ ಬಸ್ಸಿನಲ್ಲಿ, ಆಸ್ಪತ್ರೆಗೆ ಜೊತೆಗೆ ಬಂದಿದ್ದ ಅತ್ತೆ ಶಿವಗಂಗವ್ವ ಮುಖ ತಿರುವಿಕೊಂಡೇ ಕೂತಿದ್ದಳು. ಊರಲ್ಲಿ ಇಳಿದವಳೇ ಬಾಯಿಬಿಟ್ಟಳು: "ರಕ್ತ ಸುಳ್ಳ ಹೇಳ್ತದೇನ ಶೈಲಾ? ನೀ ಹಾಕಿದ್ದು ಅವರ ಹೊಟ್ಟಿಗೆ ಹೋಗೇದೋ ಇಲ್ಲೋ?"

ಶೈಲಾಗೆ ಮೈಯೆಲ್ಲ ಉರಿಯಿತು. ಅವಳ ಅನುಮಾನವಿದ್ದದ್ದು ಅತ್ತೆಯ ಮೇಲೆ! ಕಾಳು ತಿಂದರೆ ಕೊಯ್ದ ಮೇಲೆ ಹೊಲಿಗೆ ಕೀವು ಹಿಡಿಯುತ್ತದೆ ಅಂತ ಮೊದಲ ದಿನವೇ ಗೊಣಗಿದವಳು ಅವಳೇ ಅಲ್ಲವೇ? ತಾನು ನೀರಿಗೆ ಹೋದಾಗ ಮಾವನ ತಾಟಿನಿಂದ ಕಾಳು ತೆಗೆದಿಡುತ್ತಿರಬೇಕು.

ಮರುದಿನ ಮಧ್ಯಾಹ್ನ ಮಾವನ ಮುಂದೆ ತಾಟಿಟ್ಟು, ಕೊಡ ಎತ್ತಿಕೊಂಡು ಹೊರಟವಳು ನೀರಿಗೆ ಹೋಗದೆ ಹಿತ್ತಲ ಗೋಡೆಯ ಮರೆಗೆ ನಿಂತಳು. ಅತ್ತೆ ಒಲೆಯ ಮುಂದಿನಿಂದ ಏಳಲೇ ಇಲ್ಲ. ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಇತ್ತು. ಎದ್ದದ್ದು ಮಾವ. ಬಾಗಿಲ ಕಡೆ ಒಮ್ಮೆ ನೋಡಿ, ತಾಟು ಹಿಡಿದು ಮೆಲ್ಲಗೆ ಹಿತ್ತಲಲ್ಲಿ ಎಮ್ಮೆ ಮೇಯುವ ಗೋದಲಿಗೆ ಬಂದ. ಎಮ್ಮೆ ಕಣಿಕೆ ಬಿಟ್ಟು ಆಗಲೇ ಕತ್ತು ಚಾಚಿತ್ತು. ಅದಕ್ಕೆ ಹೊತ್ತು ಗೊತ್ತಿತ್ತು.

"ಮಾವಾರ!"

"ಒದರಬ್ಯಾಡವಾ," ಎಂದ ಕುಬೇರಪ್ಪ. "ರಕ್ತದಾಗ ಅದು ಏರಿತಂದ್ರ ಕೊಯ್ತಾರ. ಕೊಯ್ದು ಹೊಟ್ಟಿ ಬಾಜೂಕ ಹೇಲಿನ ಚೀಲ ಕಟ್ತಾರಂತ. ಅದನ್ನ ಕಟಗೊಂಡು ಲಿಂಗಪೂಜಿಗೆ ಹೆಂಗ ಕೂಡ್ಲಿ? ಮಠದ ಪಂಕ್ತಿಯೊಳಗ ಹೆಂಗ ಉಣ್ಲಿ?"

"ಅದಕ್ಕ ಅತ್ತಿಯಾರ ಕಡಿಂದ ಸೊಸಿ ಉಪವಾಸ ಕೆಡವ್ಯಾಳ ಅನ್ನಿಸಿದ್ರೇನ್ರಿ?"

ಸದ್ದಿಗೆ ಓಡಿಬಂದ ಶಿವಗಂಗವ್ವ, ಹಿಟ್ಟಿನ ಕೈಯಲ್ಲೇ ಗಂಡನ ರಟ್ಟೆ ಹಿಡಿದಳು.

"ಲಿಂಗಾ ಕಟಗೊಳ್ಳೂ ಮೈ ಉಳೀಬೇಕಲ್ರಿ ಮೊದ್ಲ! ನಡೀರಿ ಒಳಗ." ಸೊಸೆಯ ಮುಖ ನೋಡದೆಯೇ ಅಂದಳು: "ಕಾಳು ಇನ್ನೊಂದ ಸೌಟು ತಾ ಶೈಲಾ."

ಇಬ್ಬರು ಹೆಂಗಸರ ನಡುವೆ ಕೂತು ಕುಬೇರಪ್ಪ ಉಂಡ. ತಾಟು ಖಾಲಿಯಾಯಿತು. ಆದರೂ ಕಾಳು ಅಲ್ಲಿ ಅಡಗಿರಬಹುದೆಂದು ಶೈಲಾಳ ಕಣ್ಣು ಅವನ ಗಲ್ಲದ ಮೇಲೇ ಇತ್ತು.

"ಬಾಯಿ ತೆಗೀರಿ ಮಾವಾರ, ನೋಡೂಣು."

ಅವನು ತೆರೆದ. ಅತ್ತೆಯೂ ಬಗ್ಗಿ ನೋಡಿದಳು.