ಅತ್ತೆಗೊಂದು ಎತ್ತರದ ಕುರ್ಚಿ

ಹೊಟ್ಟೆಪಾಡಿಗೆ ನಾನು ಬರೆಯುವುದು ಯಾರೂ ಓದದ ಪುಸ್ತಕಗಳನ್ನು. ಮಿಕ್ಸಿ, ಫ್ಯಾನು, ನೀರೆತ್ತುವ ಪಂಪು ಕೊಂಡರೆ ಡಬ್ಬದೊಳಗೆ ಒಂದು ತೆಳ್ಳನೆಯ ಕೈಪಿಡಿ ಇರುತ್ತದಲ್ಲ, ‘ಬಳಸುವ ಮೊದಲು ಎಚ್ಚರಿಕೆಯಿಂದ ಓದಿರಿ’ ಎಂದು ಶುರುವಾಗುವಂಥದ್ದು, ಅದನ್ನು ಬರೆಯುವವನು ನಾನು. ಹದಿನಾರು ವರ್ಷದಲ್ಲಿ ಒಂದೇ ಒಂದು ಪಂಪನ್ನೂ ಬಿಚ್ಚಿ ನೋಡಿದವನಲ್ಲ. ಆದರೂ ‘ತಿರುಪನ್ನು ಸರಿಯಾಗಿ ಬಿಗಿಗೊಳಿಸಿ’ ಎಂದು ಕಂಡವರಿಗೆಲ್ಲ ಅಪ್ಪಣೆ ಕೊಟ್ಟಿದ್ದೇನೆ. ಇಂಥವನ ಕೈಗೆ ಗರಗಸ ಸಿಕ್ಕಿದರೆ ಏನಾಗಬಹುದು ಎಂಬುದು ನನ್ನ ಹೆಂಡತಿಗೆ ಮೊದಲ ದಿನವೇ ಹೊಳೆದಿತ್ತು. ನನಗೆ ಹೊಳೆಯಲು ಒಂದು ವರ್ಷ ಬೇಕಾಯಿತು.

ಎಲ್ಲ ಶುರುವಾದದ್ದು ಹೊಟ್ಟೆಕಿಚ್ಚಿನಿಂದ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು ಕೈಪಿಡಿಗಳಿಗೆ ಚಿತ್ರ ಬರೆಯುತ್ತಾನೆ. ಒಂದು ಸೋಮವಾರ ಅವನು ತಾನೇ ಮಾಡಿದ ಪುಟ್ಟ ಮೇಜಿನ ಫೋಟೊ ತಂದು ಎಲ್ಲರಿಗೂ ತೋರಿಸಿದ. “ಶನಿವಾರ ಬೆಳಿಗ್ಗೆ ಶುರು ಮಾಡ್ದೆ, ಭಾನುವಾರ ಸಂಜೆಗೆ ಮುಗೀತು” ಅಂದ, ಹಲ್ಲುಜ್ಜಿದೆ ಅನ್ನುವಷ್ಟೇ ಸಲೀಸಾಗಿ. ಮುಂದಿನ ಶನಿವಾರ ನಾನು ಗರಗಸ, ಸುತ್ತಿಗೆ, ಮೂರು ಉಳಿ, ಮೂಲೆಮಟ್ಟ, ಅಂಟಿನ ಡಬ್ಬಿ, ಕಣ್ಣಿಗೊಂದು ದಪ್ಪ ಕನ್ನಡಕ, ಸೊಂಟಕ್ಕೊಂದು ಚರ್ಮದ ಪಟ್ಟಿ ಕೊಂಡು ಮನೆಗೆ ಬಂದೆ. ಮರ ಕೊಳ್ಳುವುದೊಂದು ಮರೆತಿತ್ತು.

ಮೊದಲು ಮಾಡಿದ್ದು ಚಪ್ಪಲಿ ಇಡುವ ಹಲಗೆ. ಅದರ ಒಂದು ಪಕ್ಕ ಎರಡು ಬೆರಳು ತಗ್ಗು. ಸಾಲಾಗಿ ಇಟ್ಟ ಚಪ್ಪಲಿಗಳೆಲ್ಲ ಒಂದೊಂದಾಗಿ ಜಾರಿ ಬಂದು ಬಲಮೂಲೆಯಲ್ಲಿ ಗುಂಪು ಕೂಡುತ್ತಿದ್ದವು.

“ನಮ್ಮನೆ ನೆಲಾನೇ ಡೊಂಕು” ಅಂದೆ.

“ಗಾದೆನ ನೀವೇ ಪೂರ್ತಿ ಮಾಡ್ತೀರೋ, ನಾನು ಮಾಡ್ಲೋ?” ಅಂದಳು ಹೆಂಡತಿ.

ಎರಡನೆಯದು ಸ್ಟೂಲು. ನೆಲ ಕೊಳೆಯಾಗದಿರಲೆಂದು ಹಳೆಯ ಪೇಪರ್ ಹಾಸಿ ಅದರ ಮೇಲೆ ಅಂಟು ಹಚ್ಚಿದೆ. ಸ್ಟೂಲಿನ ಕಾಲು ಸ್ಟೂಲಿಗೆ ಅಂಟಿದ್ದಕ್ಕಿಂತ ಗಟ್ಟಿಯಾಗಿ ಪೇಪರಿಗೆ ಅಂಟಿಕೊಂಡಿತು. ಇವತ್ತಿಗೂ ಅದನ್ನು ತಲೆಕೆಳಗು ಮಾಡಿದರೆ ಅರ್ಧ ಹವಾಮಾನ ವರದಿ ಓದಬಹುದು. ಇಷ್ಟಾದರೂ ನನ್ನ ಉತ್ಸಾಹ ಕುಗ್ಗಲಿಲ್ಲ. ತಪ್ಪು ಮಾಡಿದಾಗಲೆಲ್ಲ ಒಂದು ಹೊಸ ಹತಾರ ಕೊಳ್ಳುತ್ತಿದ್ದೆ. ಹೀಗಾಗಿ ಏಳೆಂಟು ತಿಂಗಳಲ್ಲಿ ನನ್ನ ಹತ್ತಿರ ಒಬ್ಬ ನುರಿತ ಬಡಗಿಯ ಹತ್ತಿರ ಇರುವುದೆಲ್ಲ ಇತ್ತು, ಬಡಗಿಯೊಬ್ಬನನ್ನು ಬಿಟ್ಟು.

ಅಷ್ಟರಲ್ಲಿ ಅತ್ತೆ ಬಂದರು.

ಅತ್ತೆ ಎಂದರೆ ನನ್ನ ಹೆಂಡತಿಯ ತಾಯಿ. ಒಂದು ಮಂಡಿಗೆ ಆಪರೇಷನ್ ಆಗಿತ್ತು; ಸುಧಾರಿಸಿಕೊಳ್ಳುವ ತನಕ ನಮ್ಮಲ್ಲಿರಲಿ ಎಂದು ಮಗಳು ಕರೆದುಕೊಂಡು ಬಂದಿದ್ದಳು. ಮಾತು ಕಡಿಮೆಯ ಹೆಂಗಸು. ನಮ್ಮ ಸೋಫಾ ತಗ್ಗು, ಕೂತರೆ ಏಳಲಾಗದು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ, “ಅಮ್ಮನಿಗೆ ಕೈ ಊರೋದಕ್ಕೆ ಆಗೋ ಹಾಗಿರೋ ಎತ್ತರದ ಕುರ್ಚಿ ಬೇಕು. ದಿನಾ ಹತ್ತು ಸಲ ಕೂತು ಏಳ್ಬೇಕು” ಅಂದಳು. ಅಲ್ಲಿಯ ತನಕ ಇರಲಿ ಎಂದು ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಹಾಕಿ ಕೂರಿಸಿದೆವು.

“ಭಾನುವಾರ ಹೋಗಿ ಒಂದು ತಂದ್ಬಿಡೋಣ” ಅಂದಳು ಹೆಂಡತಿ.

“ಮನೇಲಿ ನಾನಿರುವಾಗ ಅಂಗಡಿಯಿಂದ ಯಾಕೆ?” ಅಂದೆ.

ಅವಳು ನನ್ನ ಮುಖ ನೋಡಿದಳು, ಬಲಕ್ಕೆ ವಾಲಿದ ಚಪ್ಪಲಿ ಹಲಗೆ ನೋಡಿದಳು, ಒಳಗೆ ಹೋದಳು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ನನ್ನ ಕೆಲಸ ನಡೆಯುವುದು ಅಡುಗೆಮನೆಯ ಹಿಂದಿನ ಜಗಲಿಯಲ್ಲಿ, ಒಗೆದ ಬಟ್ಟೆಗಳ ಕೆಳಗೆ. ಶನಿವಾರ ಬೆಳಿಗ್ಗೆ ಅತ್ತೆ ತಮ್ಮ ಜೋಡಿ ಪ್ಲಾಸ್ಟಿಕ್ ಕುರ್ಚಿಯನ್ನು ಅಲ್ಲಿಗೇ ಹಾಕಿಸಿಕೊಂಡು, ಸೀರೆಯ ಮೇಲೆ ಮರದ ಪುಡಿ ಉದುರಿದರೂ ಕೊಡವದೆ ಕೂರುತ್ತಿದ್ದರು. ನನಗೋ ಜೀವಮಾನದಲ್ಲಿ ಮೊದಲ ಸಲ ಓದುಗರು ಸಿಕ್ಕ ಹಾಗಾಯಿತು. ಗರಗಸ ಎಳೆಯುತ್ತ ಎಳೆಯುತ್ತ ಎಲ್ಲವನ್ನೂ ವಿವರಿಸತೊಡಗಿದೆ.

“ನೋಡಿ ಅತ್ತೆ, ಮರಕ್ಕೆ ಎಳೆ ಅಂತ ಇರುತ್ತೆ. ಎಳೆ ಹೋದ ಕಡೆಗೇ ಕೆತ್ತಬೇಕು.”

“ಹೌದಾ?” ಅನ್ನುತ್ತಿದ್ದರು ಅತ್ತೆ.

“ಈ ಮರಳುಕಾಗದ ಇದೆಯಲ್ಲ, ಇದರ ಹಿಂದೆ ನಂಬರ್ ಇದೆ. ನಂಬರ್ ದೊಡ್ಡದಾದಷ್ಟೂ ನಯ. ಎಷ್ಟೋ ಜನಕ್ಕೆ ಇದು ಗೊತ್ತೇ ಇರಲ್ಲ.”

“ಹಾಗಾ?”

ಒಂದು ಸಲ ಕುರ್ಚಿಯ ಕಾಲಿಗೆ ಕೊರೆದ ತೂತು ತೀರ ದೊಡ್ಡದಾಗಿ, ಅಡ್ಡಪಟ್ಟಿ ಅದರೊಳಗೆ ಲೊಡಲೊಡ ಅಲ್ಲಾಡಿತು. ನಾನು ಅಂಟಿಗೆ ಮರದ ಪುಡಿ ಕಲಸಿ, ಚಪಾತಿ ಹಿಟ್ಟಿನ ಹದಕ್ಕೆ ತಂದು, ತೂತಿಗೆ ತುಂಬಿದೆ. “ಇದು ಒಳಗಿನ ಗುಟ್ಟು ಅತ್ತೆ. ಕಸುಬಿನವರು ಹೊರಗಡೆ ಹೇಳಿಕೊಡಲ್ಲ.”

“ಅಂಟು ಹಾಕೋ ಮುಂಚೆ ಒಂದ್ಸಲ ಬರೀ ಜೋಡಿಸಿ ನೋಡೋದು ಬೇಡ್ವಾ?” ಅಂದರು ಅತ್ತೆ.

ನಾನು ನಕ್ಕೆ. ತೊದಲುವ ಮಗುವಿಗೆ ಹೇಳುವ ಹಾಗೆ, “ಅದೆಲ್ಲ ಮೊದಲಿನ ಕಾಲದ್ದು ಅತ್ತೆ. ಈಗಿನ ಅಂಟು ಬೇರೆ” ಅಂದೆ. ಅವರು ತಲೆಯಾಡಿಸಿ ಬಟ್ಟೆಯ ಹಗ್ಗದ ಕಡೆ ನೋಡಿದರು.

ಆರು ಶನಿವಾರ, ಆರು ಭಾನುವಾರ ಹೀಗೆ ಕಳೆದವು. ಆರನೆಯ ಭಾನುವಾರ ಮಧ್ಯಾಹ್ನ ಕುರ್ಚಿ ನಿಂತಿತು. ನಾಲ್ಕು ಕಾಲು, ಎರಡು ತೋಳು, ಬೆನ್ನಿಗೆ ಮೂರು ಪಟ್ಟಿ, ಮೇಲೆ ಮಿರಮಿರ ಮಿಂಚುವ ಪಾಲಿಶ್. ಅದನ್ನು ನಡುಮನೆಗೆ ಹೊತ್ತು ತಂದು, ಕಿಟಕಿಯ ಬೆಳಕು ಬೀಳುವ ಹಾಗೆ ಇಟ್ಟು, ಹೆಂಡತಿಯನ್ನು ಕರೆದೆ. ಅತ್ತೆ ಊರುಗೋಲು ಹಿಡಿದು ಬಂದರು. ಕೂರಲಿಲ್ಲ. ಊರುಗೋಲನ್ನು ಮಗಳ ಕೈಗೆ ಕೊಟ್ಟು, ಕುರ್ಚಿಯನ್ನು ಮೆಲ್ಲಗೆ ಮಗ್ಗುಲಿಗೆ ಮಲಗಿಸಿ, ಸೀಟಿನ ಕೆಳಗೆ ಕೈ ಹಾಕಿದರು. ಪಟ್ಟಿ ಕಾಲಿಗೆ ಸೇರುವ ಒಂದು ಸಂದಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಮತ್ತೊಂದನ್ನು ಒತ್ತಿದರು. ಮತ್ತೆ ನೆಟ್ಟಗೆ ನಿಲ್ಲಿಸಿ, “ಬಣ್ಣ ಚೆನ್ನಾಗಿದೆ. ನಾನು ಆಮೇಲೆ ಕೂರ್ತೀನಿ” ಅಂದರು.

ನನಗೆ ಕೋಪ ಬಂತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಬಂತು. “ಹೆದರಿಕೆ ಬೇಡ ಅತ್ತೆ. ಇಲ್ನೋಡಿ” ಎಂದು ನಾನೇ ಕೂತೆ. ಕೂತು, ಗತ್ತಿನಿಂದ ಬೆನ್ನು ಒರಗಿಸಿದೆ.

ಕುರ್ಚಿ ದಡಾರೆಂದು ಮುರಿದಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಅದು ನಿಧಾನವಾಗಿ, ಯೋಚನೆ ಮಾಡಿಕೊಂಡು ಬಿದ್ದಿತು. ಮೊದಲು ಹಿಂದಿನ ಎಡಗಾಲು ಆಚೆ ಹೊರಟಿತು, ಆಮೇಲೆ ಮುಂದಿನ ಬಲಗಾಲು ಈಚೆ ಹೊರಟಿತು. ಎತ್ತು ಏರಿಗೆ, ಕೋಣ ನೀರಿಗೆ. ನಾನು ಎರಡೂ ತೋಳುಗಳನ್ನು ಭದ್ರವಾಗಿ ಹಿಡಿದುಕೊಂಡೇ ಇದ್ದೆ, ಹಿಡಿದುಕೊಂಡೇ ನೆಲ ಸೇರಿದೆ. ಸುತ್ತಲೂ ಒಣಗಿದ ಅಂಟಿನ ಪುಡಿ.

“ಮರ ಹಸಿ ಇತ್ತು ಅನ್ಸುತ್ತೆ” ಅಂದೆ ನೆಲದ ಮೇಲಿಂದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಹೆಂಡತಿ ನಗು ತಡೆಯಲಾಗದೆ ಗೋಡೆಗೆ ಒರಗಿದಳು. ಕಣ್ಣೊರೆಸಿಕೊಂಡು ತಾಯಿಯ ಕಡೆ ತಿರುಗಿ, “ಅಮ್ಮ, ಆರು ವಾರದಿಂದ ನೋಡ್ತಾ ಕೂತಿದ್ದೀಯ. ನೀನಾದ್ರೂ ಒಂದು ಮಾತು ಹೇಳ್ಬಾರದಿತ್ತಾ?” ಅಂದಳು.

“ಅತ್ತೆ ಏನು ಹೇಳ್ಬೇಕಿತ್ತು?” ಅಂದೆ.

“ಅಮ್ಮ ಇಪ್ಪತ್ತಾರು ವರ್ಷ ಕುರ್ಚಿ ಫ್ಯಾಕ್ಟರಿಲಿ ಇದ್ದಳಲ್ರೀ. ನಿಮಗೆ ಗೊತ್ತಿಲ್ವಾ?”

ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷ. ಮದುವೆ ಮಾತಿನ ಹೊತ್ತಿಗೆ ‘ಹುಡುಗಿಯ ತಾಯಿ ಫ್ಯಾಕ್ಟರಿಯಲ್ಲಿದ್ದಾರೆ’ ಎಂದು ಯಾರೋ ಹೇಳಿದ್ದರು. ಏನು ಫ್ಯಾಕ್ಟರಿ ಎಂದು ನಾನು ಕೇಳಲಿಲ್ಲ. ಅಂಗಿಯ ಗುಂಡಿ ಮಾಡುವ ಫ್ಯಾಕ್ಟರಿ ಎಂದು ನನಗೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಮೀನಿಗೆ ಈಜು ಕಲಿಸಿದವರ ಕಥೆ ಕೇಳಿದ್ದೇನೆ. ಮರಳುಕಾಗದದ ನಂಬರನ್ನೂ ಹೇಳಿಕೊಟ್ಟವನು ನಾನೊಬ್ಬನೇ ಇರಬೇಕು.

“ಹೇಳ್ಬಹುದಿತ್ತಲ್ಲ ಅತ್ತೆ” ಅಂದೆ.

“ನೀವು ಅಷ್ಟು ಚೆನ್ನಾಗಿ ಹೇಳ್ತಾ ಇದ್ರಿ” ಅಂದರು ಅತ್ತೆ. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಆ ವಾರವೆಲ್ಲ ಮುಖ ಗಂಟು ಹಾಕಿಕೊಂಡಿದ್ದೆ. ಆಫೀಸಿನಲ್ಲಿ ಹೊಸ ಪಂಪಿನ ಕೈಪಿಡಿ ಬರೆಯುತ್ತ ‘ಸರಿಯಾಗಿ ಜೋಡಿಸಿ’ ಎಂಬಲ್ಲಿಗೆ ಬಂದು ನಿಂತುಬಿಟ್ಟೆ. ಸರಿಯಾಗಿ ಅಂದರೆ ಹೇಗೆ? ಪಕ್ಕದ ಮೇಜಿನವನನ್ನು ಕೇಳಿದೆ. “ನೀನು ಬರೆದಂಗೆ ನಾನು ಚಿತ್ರ ಬಿಡಿಸ್ತೀನಪ್ಪ” ಅಂದ. ಆಮೇಲೆ ದನಿ ಇಳಿಸಿ, ಆ ಫೋಟೊದ ಮೇಜನ್ನು ಮುಕ್ಕಾಲು ಪಾಲು ಮಾಡಿದ್ದು ತನ್ನ ಭಾವಮೈದುನ ಎಂದು ಒಪ್ಪಿಕೊಂಡ. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಶನಿವಾರ ಬೆಳಿಗ್ಗೆ ಮುರಿದ ಕುರ್ಚಿಯ ತುಂಡುಗಳನ್ನು ಜಗಲಿಯಲ್ಲಿ ಅತ್ತೆಯ ಮುಂದೆ ಹರಡಿ ಕೂತೆ.

“ಏನು ತಪ್ಪಾಗಿದೆ ಅತ್ತೆ?”

“ಎಲ್ಲಿಂದ ಶುರು ಮಾಡ್ಲಿ?” ಅಂದರು. ಆಮೇಲೆ, ಹೆಚ್ಚಾಯಿತೇನೋ ಎಂಬಂತೆ, “ಬಣ್ಣ ಬಿಟ್ಟು ಹೇಳ್ತೀನಿ” ಅಂದರು.

ಅಡ್ಡಪಟ್ಟಿಯ ತುದಿ ಕಾಲಿನೊಳಗೆ ಉಗುರಿನಷ್ಟು ಹೋಗಿತ್ತು, ಹೆಬ್ಬೆರಳಿನಷ್ಟು ಹೋಗಬೇಕು. ತೂತಿಗೂ ತುದಿಗೂ ನಡುವೆ ಕಾಗದ ತೂರುವಷ್ಟೂ ಜಾಗ ಇರಬಾರದು. ನನ್ನದರಲ್ಲಿ ಇರುವೆ ಸಂಸಾರ ಹೂಡಬಹುದಿತ್ತು. ಅಂಟು ಎರಡು ಮರಗಳನ್ನು ಹಿಡಿಯುತ್ತದೆ, ನಡುವಿನ ಗಾಳಿಯನ್ನಲ್ಲ. ಮರದ ಪುಡಿಯ ಗುಟ್ಟಿನ ಮಾತು ಬಂದಾಗ ಅತ್ತೆ ನನ್ನ ಕಡೆ ಒಮ್ಮೆ ನೋಡಿದರಷ್ಟೆ. ಮರ ನಿಜವಾಗಿಯೂ ಹಸಿ ಇತ್ತು. ಕುರುಡಾಗಿ ಎಸೆದ ಕಲ್ಲುಗಳಲ್ಲಿ ಅದೊಂದೇ ಕಾಯಿಗೆ ತಾಗಿತ್ತು.

ಆ ದಿನ ಒಂದೇ ಒಂದು ಸಂದಿ ಕೆತ್ತಿಸಿದರು. ಹನ್ನೊಂದು ಸಲ. ಪ್ರತಿ ಸಲ ಕೈಗೆ ತೆಗೆದುಕೊಂಡು, ಕಣ್ಣಿನಿಂದ ನೋಡದೆ ಬೆರಳಿನಿಂದ ಸವರಿ, ವಾಪಸ್ ಕೊಡುತ್ತಿದ್ದರು. ಹನ್ನೊಂದನೆಯದನ್ನು ಕೊಡಲಿಲ್ಲ, ಪಕ್ಕಕ್ಕಿಟ್ಟುಕೊಂಡರು. ಹತ್ತನೆಯ ತರಗತಿ ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಕೆತ್ತುತ್ತ ನಾನು ಈ ಸಲ ವಿವರಿಸಲಿಲ್ಲ, ಕೇಳಿದೆ. ಅತ್ತೆ ಹದಿನೈದು ವರ್ಷ ಸಂದಿ ಕೂಡಿಸುವ ಸಾಲಿನಲ್ಲಿದ್ದರಂತೆ. ಕೊನೆಯ ಹನ್ನೊಂದು ವರ್ಷ ಪರೀಕ್ಷೆ ಮಾಡುವ ಕೆಲಸ. ಅವರು ಬೇಡ ಅಂದ ಕುರ್ಚಿ ಆಚೆ ಹೋಗುವಂತಿರಲಿಲ್ಲ; ಮೇಸ್ತ್ರಿಗಳು ಅವರ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರಂತೆ.

“ಹೇಗೆ ಪರೀಕ್ಷೆ ಮಾಡ್ತಿದ್ರಿ?”

“ಕೂರೋದು. ಐದು ಎಣಿಸೋದು. ಹಿಂದಕ್ಕೆ ಒರಗೋದು. ಏಳೋದು.”

“ದಿನಕ್ಕೆ ಎಷ್ಟು ಕುರ್ಚಿ?”

“ನೂರೈವತ್ತು. ಮದುವೆ ಕಾಲದಲ್ಲಿ ಇನ್ನೂರು.”

ನಾನು ಉಳಿ ಕೆಳಗಿಟ್ಟೆ. ಅತ್ತೆ ಆಪರೇಷನ್ ಆದ ಮಂಡಿಯನ್ನು ಅಂಗೈಯಿಂದ ಸವರುತ್ತಿದ್ದರು. “ಆಮೇಲೆ ಕೂರೋದಕ್ಕೂ ಒಂದು ಯಂತ್ರ ತಂದ್ರು. ಮರಳಿನ ಮೂಟೆ ಮೇಲಿಂದ ಇಳಿಯುತ್ತೆ, ಏರುತ್ತೆ. ಅದಕ್ಕೆ ಮಂಡಿ ಇಲ್ಲವಲ್ಲ” ಎಂದು ನಕ್ಕರು. “ಈಗ ಆ ಹುಡುಗಿ ಬಂದು ದಿನಾ ಹತ್ತು ಸಲ ಕೂತು ಏಳಿ ಅಂತಾಳೆ. ನಾನು ಆಗಲಿ ಅಂತೀನಿ.”

“ಯಾಕತ್ತೆ ಇದನ್ನೆಲ್ಲ ಯಾವತ್ತೂ ಹೇಳ್ಲಿಲ್ಲ?”

“ನಿಮ್ಮ ಮಾವನಿಗೆ ಇಷ್ಟ ಇರಲಿಲ್ಲ, ಹೆಂಡತಿ ಮರದ ಪುಡಿಲಿ ಕೆಲಸ ಮಾಡ್ತಾಳೆ ಅಂತ ಹೇಳ್ಕೊಳ್ಳೋಕೆ. ಆಮೇಲೆ ಯಾರೂ ಕೇಳ್ಲಿಲ್ಲ.” ಮಾವ ತೀರಿಕೊಂಡು ಐದು ವರ್ಷವಾಗಿತ್ತು. ಆ ಐದು ವರ್ಷವೂ ಕೇಳದಿದ್ದವರು ಯಾರು ಎಂದು ಅತ್ತೆ ಹೇಳಲಿಲ್ಲ. ನಾನೂ ಉಳಿ ಎತ್ತಿಕೊಂಡೆ.

ಎರಡನೆಯ ಕುರ್ಚಿಗೆ ಎಂಟು ವಾರ ಹಿಡಿಯಿತು. ಒಣಗಿದ ಮರ ಹುಡುಕಲು ಅತ್ತೆಯೇ ಊರುಗೋಲು ಊರಿಕೊಂಡು ಮರದ ಅಂಗಡಿಗೆ ಬಂದರು. ಹಲಗೆಗಳನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತ, ಅಂಗಡಿಯವನು ತೋರಿಸಿದ್ದನ್ನೆಲ್ಲ ಬಿಟ್ಟು, ಅವನು ಹಿಂದೆ ಅಡಗಿಸಿಟ್ಟಿದ್ದನ್ನು ಆರಿಸಿದರು. ಅವನು ನನ್ನನ್ನು ಬಿಟ್ಟು ಅವರಿಗೆ ಕುಡಿಯಲು ನೀರು ತರಿಸಿದ.

ಕುರ್ಚಿ ಮುಗಿದ ದಿನ ಮತ್ತೆ ನಡುಮನೆಯಲ್ಲಿ ಇಟ್ಟೆ. ಈ ಸಲ ಬೆಳಕಿನ ಏರ್ಪಾಡು ಮಾಡಲಿಲ್ಲ. ಅತ್ತೆ ಮಗ್ಗುಲಿಗೆ ಮಲಗಿಸಿದರು, ಒತ್ತಿದರು, ಅಲ್ಲಾಡಿಸಿದರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಎಡತೋಳಿನ ಮೇಲೆ ಅಂಗೈ ಇಟ್ಟು, ಬಲತೋಳಿನ ಮೇಲೂ ಇಟ್ಟು, “ಎಡಗಡೆ ಕೂದಲೆಳೆಯಷ್ಟು ತಗ್ಗು” ಅಂದರು. “ಫ್ಯಾಕ್ಟರಿಲಿ ಆಗಿದ್ರೆ ವಾಪಸ್ ಕಳಿಸ್ತಿದ್ದೆ.”

ಎಂದು ಹೇಳಿ ಕೂತರು. ಐದು ಎಣಿಸಿದ್ದು ತುಟಿಯ ಮೇಲೆ ಕಾಣಿಸಿತು. ಹಿಂದಕ್ಕೆ ಒರಗಿದರು. ಏಳುತ್ತಾರೆಂದು ಕಾದೆ, ಏಳಲಿಲ್ಲ. ಮಗಳನ್ನು ಕರೆದು ಪೇಪರು ಕೇಳಿದರು, ಆಮೇಲೆ ಕನ್ನಡಕ ಕೇಳಿದರು, ಊಟದ ತನಕ ಅಲ್ಲೇ ಇದ್ದರು.

ಮುಂದಿನ ತಿಂಗಳು ಮಂಡಿ ಪೂರ್ತಿ ವಾಸಿಯಾಗಿ ಅತ್ತೆ ತಮ್ಮ ಮನೆಗೆ ಹೊರಟರು. ನಾನು ಹಗ್ಗ ಹಿಡಿದು ಸಿದ್ಧನಾಗಿದ್ದೆ, ಕುರ್ಚಿಯನ್ನು ಬಾಡಿಗೆ ಕಾರಿನ ಮೇಲೆ ಕಟ್ಟಲು.

“ಅದು ಇಲ್ಲೇ ಇರ್ಲಿ” ಅಂದರು ಅತ್ತೆ. “ನಮ್ಮನೇಲಿ ಒಳ್ಳೆ ಕುರ್ಚಿ ಇದೆ.”

ಆ ‘ಒಳ್ಳೆ’ಯನ್ನು ಅವರು ಬೇಕೆಂದೇ ಹೇಳಿದರೋ ಬಾಯಿತಪ್ಪಿ ಬಂದಿತೋ ಇವತ್ತಿಗೂ ಗೊತ್ತಿಲ್ಲ. ಚೀಲಗಳನ್ನು ಕಾರಿನಲ್ಲಿಟ್ಟು, ಕೈ ಬೀಸಿ, ಹಗ್ಗ ಸುತ್ತಿಕೊಂಡು ಒಳಗೆ ಬಂದೆ. ಆರು ವಾರ ಮತ್ತು ಎಂಟು ವಾರ ಸೇರಿ ಹದಿನಾಲ್ಕು ವಾರದ ದಣಿವು, ನನ್ನ ಕುರ್ಚಿಯಲ್ಲಿ ನಾನೇ ಒಮ್ಮೆ ಕೂರೋಣ ಎಂದುಕೊಂಡೆ. ಅಲ್ಲಿ ಹೆಂಡತಿ ಕೂತಿದ್ದಳು, ಕಾಲ ಮೇಲೆ ಕಾಲು ಹಾಕಿಕೊಂಡು, ಎರಡೂ ತೋಳುಗಳ ಮೇಲೆ ಕೈ ಚಾಚಿ.

“ಸ್ವಲ್ಪ ಏಳ್ತೀಯಾ?” ಅಂದೆ.

ಅವಳು ಇನ್ನೂ ಹಿಂದಕ್ಕೆ ಒರಗಿದಳು. “ನಿಮಗೆ ಬೇಕಿದ್ರೆ ಇನ್ನೊಂದು ಮಾಡ್ಕೊಳ್ಳಿ” ಅಂದಳು.