ಒಂದೇ ಬೆಂಚು

ನಾಲ್ಕನೇ ತರಗತಿಯ ಟೀಚರಿಗೆ ಶಾಲೆಯಲ್ಲಿ ‘ಬೆಂಚ್ ಟೀಚರ್’ ಎಂದೇ ಹೆಸರು. ಜಗಳವಾಡಿದ ಮಕ್ಕಳನ್ನು ಅವರು ಬೈಯುತ್ತಿರಲಿಲ್ಲ, ಹೊಡೆಯುವ ಮಾತಂತೂ ದೂರ. ಇಬ್ಬರನ್ನೂ ಎಬ್ಬಿಸಿ ಒಂದೇ ಬೆಂಚಿನಲ್ಲಿ ಕೂರಿಸಿಬಿಡುತ್ತಿದ್ದರು. ಭುಜಕ್ಕೆ ಭುಜ ತಾಗಿಸಿಕೊಂಡು ಕೂತರೆ ಸಿಟ್ಟು ಎಷ್ಟು ದಿನ ಉಳಿದೀತು ಅನ್ನುವುದು ಅವರ ಲೆಕ್ಕಾಚಾರ. ರಬ್ಬರ್ ಕದ್ದವರು, ಚೆಂಡಿಗಾಗಿ ಕಿತ್ತಾಡಿದವರು ಎಲ್ಲ ಹಾಗೇ ಸರಿಹೋಗಿದ್ದರು. ಮಕ್ಕಳ ನಡುವಿನ ಕಿರುಕುಳ ತಡೆಯುವುದು ಹೇಗೆ ಎಂದು ಸಭೆಯಾದಾಗಲೆಲ್ಲ ಹೆಡ್‌ಮಿಸ್ ಇವರನ್ನೇ ಮುಂದೆ ನಿಲ್ಲಿಸುತ್ತಿದ್ದರು, ಇವರೂ ಒಳಗೊಳಗೇ ಬೀಗುತ್ತಿದ್ದರು. ಬೀಗಲಿ ಬಿಡಿ, ಹೊಗಳಿಕೆ ಯಾರಿಗೆ ಬೇಡ?

ಆ ವರ್ಷ ಬಸ್ ಡ್ರೈವರನ ಮಗಳು ಹೊಸದಾಗಿ ಬಂದು ಸೇರಿದಳು. ಮಾತಾಡುವಾಗ ಉಗ್ಗುತ್ತಿದ್ದಳು. ಉಗ್ಗಿದರೇನಂತೆ, ಹುಡುಗಿ ಅರಳು ಹುರಿದ ಹಾಗೆ ಮಾತಾಡುವ ಆಸೆಯವಳು. ಎಷ್ಟು ಸಲ ಮುಗ್ಗರಿಸಿದರೂ ಹೇಳಬೇಕಾದ್ದನ್ನು ಹೇಳಿಯೇ ತೀರುತ್ತಿದ್ದಳು. ಕ್ಲಾಸಿನ ಮಾನಿಟರ್, ಬಲು ಚೂಟಿ ಹುಡುಗಿ, ಈ ಹೊಸಬಳು ಬಾಯಿ ತೆರೆದಾಗಲೆಲ್ಲ ತಾನೂ ಉಗ್ಗಿ ಅಣಕಿಸುತ್ತಿದ್ದಳು. ಇಡೀ ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು. ಡ್ರೈವರನ ಮಗಳು ಅಳುತ್ತಾ ಬಂದು, ಉಗ್ಗುತ್ತಲೇ ದೂರು ಹೇಳಿದಳು. ಟೀಚರ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರು.

ಇದು ಜಗಳವೇ ಅಲ್ಲ, ಒಬ್ಬಳು ಚುಚ್ಚುತ್ತಿದ್ದಾಳೆ, ಇನ್ನೊಬ್ಬಳು ನುಂಗಿಕೊಳ್ಳುತ್ತಿದ್ದಾಳೆ ಎನ್ನುವ ಇಷ್ಟು ಸಣ್ಣ ವಿಷಯ ಅಷ್ಟು ಅನುಭವದ ತಲೆಗೆ ಹೊಳೆಯಲೇ ಇಲ್ಲವಲ್ಲ!

ಅಣಕವೇನೋ ನಿಂತಿತು. ಡ್ರೈವರನ ಮಗಳನ್ನು ಏನಾದರೂ ಕೇಳಿದರೆ ಮಾನಿಟರೇ ಎದ್ದು, ಅವಳಿಗೆ ಗೊತ್ತಿಲ್ಲವಂತೆ, ಅವಳಿಗೆ ಆಟಕ್ಕೆ ಬರಲು ಇಷ್ಟವಿಲ್ಲವಂತೆ ಎಂದು ಉತ್ತರ ಕೊಡತೊಡಗಿದಳು. ಟೀಚರಿಗೆ ಹೊಟ್ಟೆ ತಣ್ಣಗಾಯಿತು. ಗೆಳತಿ ಅಂದರೆ ಹೀಗಿರಬೇಕು ಎಂದು ಮಾನಿಟರಿನ ಬೆನ್ನು ತಟ್ಟಿ ಚಪ್ಪಾಳೆ ಹೊಡೆಸಿದರು. ಡ್ರೈವರನ ಮಗಳೂ ಚಪ್ಪಾಳೆ ಹೊಡೆದಳು.

ಪೋಷಕರ ಸಭೆಗೆ ಡ್ರೈವರ್ ಕೆಲಸದ ಬಟ್ಟೆಯಲ್ಲೇ ಬಂದ. ಈಗ ಒಂದೂ ದೂರಿಲ್ಲ, ಇಬ್ಬರೂ ಪ್ರಾಣಸ್ನೇಹಿತೆಯರು ಎಂದು ಟೀಚರ್ ನಗುನಗುತ್ತಾ ಹೇಳಿದರು. ಅವನು ನಗಲಿಲ್ಲ.

“ಮೇಡಂ, ಅವಳು ಮನೇಲೂ ಮಾತು ಬಿಟ್ಟಿದಾಳೆ. ನಾನು ಮನೆಗೆ ಬಂದ್ರೆ ಸಾಕು, ತಲೆ ತಿಂತಿದ್ದೋಳು. ಈಗ ಹಸಿವಾದ್ರೂ ಬಾಯಿ ಬಿಡಲ್ಲ. ನಿನ್ನೆ ಸ್ನಾನ ಮಾಡಿಸುವಾಗ ಅವಳಮ್ಮ ನೋಡಿದ್ಳು, ಬಲಗಡೆ ತೊಡೆ ತುಂಬ ಚಿವುಟಿದ ಗುರುತು. ಅವಳ ಬಲಗಡೆ ಕೂರೋದು ಯಾರು ಮೇಡಂ?”

ಯಾರೆಂದು ಟೀಚರಿಗೆ ಗೊತ್ತಿತ್ತು, ಕೂರಿಸಿದ್ದೇ ಅವರು.

ಮರುದಿನ ಬೆಳಿಗ್ಗೆಯೇ ಹೆಡ್‌ಮಿಸ್‌ಗೆ ಎಲ್ಲ ಹೇಳಿ, ಮಾನಿಟರಿನ ಪಟ್ಟ ಕಿತ್ತು ಅವಳನ್ನು ಕೊನೆಯ ಬೆಂಚಿಗೆ ಅಟ್ಟಿದರು. ಡ್ರೈವರನ ಮಗಳ ಪಕ್ಕದಲ್ಲಿ ತಾವೇ ಕೂತರು. ಇನ್ನು ಯಾರೂ ನಿನ್ನನ್ನು ಮುಟ್ಟುವುದಿಲ್ಲ ಎಂದು ಭಾಷೆ ಕೊಟ್ಟರು. ಆ ಮಗು ಒಂದೇ ಒಂದು ಮಾತಾಡಿದರೆ ಸಾಕು ಎಂದು ಅವರ ಜೀವ ಹಪಹಪಿಸುತ್ತಿತ್ತು.

“ನಿಂಗೆ ಎಲ್ಲಿ ಕೂರೋಕೆ ಇಷ್ಟ ಪುಟ್ಟಿ? ಎಷ್ಟು ಹೊತ್ತಾದ್ರೂ ಪರವಾಗಿಲ್ಲ, ನಿಧಾನವಾಗಿ ಹೇಳು.”

ಹುಡುಗಿಯ ತುಟಿ ಅಲುಗಿತು. ಟೀಚರ್ ಇನ್ನಷ್ಟು ಹತ್ತಿರ ಬಾಗಿದರು. ಅವಳು ಕತ್ತು ಹೊರಳಿಸಿ ಹಿಂದಕ್ಕೆ ನೋಡಿದಳು.

ಕೊನೆಯ ಬೆಂಚಿನಲ್ಲಿ ಮಾನಿಟರ್ ಎದ್ದು ನಿಂತಳು.

“ಅವಳಿಗೆ ನನ್ನ ಪಕ್ಕಾನೇ ಕೂರಬೇಕಂತೆ ಮಿಸ್.”

ಡ್ರೈವರನ ಮಗಳು ಹೌದೆಂದು ತಲೆಯಾಡಿಸಿದಳು.